ಜೋಕೆ ಮಾವನಿಗೆ ನೆನಪು ಹೋದದ್ದು

ಇದು ನಡೆದ ಸಂಗತಿ, ಒಂದಕ್ಷರವೂ ಸುಳ್ಳಿಲ್ಲ. ಹಾಗೆಂದು ಸಾಕ್ಷಿ ಕೇಳಿದಿರೋ, ನನಗೆ ಕಷ್ಟ. ಏಕೆಂದರೆ ಮುಖ್ಯ ಸಾಕ್ಷಿಗೆ ಅಂದು ಮಧ್ಯಾಹ್ನ ಮೂರೂವರೆಯಿಂದ ಸಂಜೆ ಆರರವರೆಗೆ ನೆನಪಿನ ಶಕ್ತಿ ಇರಲಿಲ್ಲ. ಎರಡನೆಯ ಸಾಕ್ಷಿ ನಾನು. ಅಪರಾಧಿಯೂ ನಾನೇ ಆದ್ದರಿಂದ ಯಾವ ನ್ಯಾಯಾಲಯವೂ ನನ್ನನ್ನು ನಂಬಲಾರದು. ಓದುಗರು ನ್ಯಾಯಾಧೀಶರಿಗಿಂತ ಉದಾರಿಗಳೆಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ನನ್ನ ಸೋದರಮಾವ ಊರಿನ ಟೈಲರ್. ಬಟ್ಟೆ ಹೊಲಿಯುವುದು ಅವರ ಕಸುಬು. ಬುದ್ಧಿ ಹೇಳುವುದು ಉಪಕಸುಬು. ಗಿರಾಕಿಗಳು ಮಾತ್ರ ಇದನ್ನು ತಿರುಗಿಸಿ ಹೇಳುತ್ತಾರೆ. ಹೊಲಿಗೆ ಯಂತ್ರದ ಮುಂದೆ ಕೂತು, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು, ಬೀದಿಯಲ್ಲಿ ಹೋಗುವ ಹುಡುಗ ಹುಡುಗಿಯರಿಗೆಲ್ಲ ಕೂಗಿ ಹೇಳುತ್ತಾರೆ: "ಜೋಕೆ! ಸೈಕಲ್ ಮೇಲೆ ಕೈ ಬಿಡಬೇಡ್ವೋ!" ಬಾಯಲ್ಲಿ ಸೂಜಿ ಇಟ್ಟುಕೊಂಡು ಕೂಗುವವರಿಗೆ ಯಾರು ಜೋಕೆ ಹೇಳಬೇಕು? ಹೀಗಾಗಿ ಊರಿನ ಯುವಜನಾಂಗಕ್ಕೆಲ್ಲ ಅವರು ಜೋಕೆ ಮಾವ.

"ಗುಡುಗೋವಾಗ ಮರದ ಕೆಳಗೆ ನಿಲ್ಲಬೇಡಿ. ಮರದ ಮೇಲೂ ನಿಲ್ಲಬೇಡಿ."

"ಸರಿ ಮಾವ."

"ನೀರಿಗಿಳಿಯೋ ಮುಂಚೆ ಆಳ ನೋಡ್ಕೊಳ್ಳಿ."

"ಇಳೀದೆ ಹೇಗೆ ನೋಡೋದು ಮಾವ?"

"ಅದಕ್ಕೇ ಇಳೀಬೇಡಿ ಅಂತ ಹೇಳಿದ್ದು!"

ಇಷ್ಟೆಲ್ಲ ಎಚ್ಚರಿಕೆ ಕೊಡಬೇಕಾದರೆ ನಮ್ಮೂರಿನ ಯುವಕರು ಭಾರೀ ಸಾಹಸಿಗಳೆಂದು ನೀವು ತಿಳಿಯಬಾರದು. ಅವರ ಚಟುವಟಿಕೆಯೆಂದರೆ ಸಂಜೆ ಕಾಲುವೆ ಸೇತುವೆಯ ಕಟ್ಟೆಯ ಮೇಲೆ ಸಾಲಾಗಿ ಕೂರುವುದು. ಬೇಸರವಾದರೆ ಎದ್ದುಹೋಗಿ ಎದುರು ಕಟ್ಟೆಯ ಮೇಲೆ ಕೂರುವುದು. ಅದೂ ಬೇಸರವಾದ ಇಬ್ಬರು ಹಿಂದಿನ ವರ್ಷ ಹಳೇ ಕಲ್ಲುಕ್ವಾರಿಯ ನೀರಿಗೆ ಹಾರಿ, ಒಬ್ಬ ಮಣಿಕಟ್ಟು ಮುರಿದುಕೊಂಡಿದ್ದ. ಆಟವಾಡಲು, ಓದಲು, ಸುಮ್ಮನೆ ಸೇರಲು ಒಂದು ಸೂರು ಬೇಕೆಂದು ಅವರು ಅರ್ಜಿ ಬರೆದು ಬರೆದು ಅವರಲ್ಲಿ ಕೆಲವರ ಅಕ್ಷರವೇ ದುಂಡಗಾಗಿತ್ತು.

ಸೂರು ಇರಲಿಲ್ಲವೆಂದಲ್ಲ. ಗ್ರಾಮ ಕಚೇರಿಯ ಹಿಂದೆ ಗೊಬ್ಬರದ ಚೀಲ ಇಡುತ್ತಿದ್ದ ದೊಡ್ಡ ಗೋಡೌನು ಒಂಬತ್ತು ವರ್ಷದಿಂದ ಬೀಗ ಹಾಕಿಕೊಂಡು ನಿಂತಿತ್ತು. ಬೀಗದ ಕೈ ಕಾರ್ಯದರ್ಶಿಗಳ ಸೊಂಟದಲ್ಲಿ. ಕೇಳಿದಾಗಲೆಲ್ಲ ಅವರದು ಒಂದೇ ಮಾತು: "ಒಳಗಡೆ ಸರ್ಕಾರಿ ಸಾಮಗ್ರಿ ಇದೆ ಕಣ್ರಪ್ಪಾ." ಅವರ ದನಿಯನ್ನು ನಾನು ಎದುರಿಗೆ ಚೆನ್ನಾಗಿ ಅನುಕರಿಸುತ್ತೇನೆ, ಕಾಗದದ ಮೇಲೆ ಆಗುವುದಿಲ್ಲ. ದಯವಿಟ್ಟು ಮೂಗು ಹಿಡಿದುಕೊಂಡು ಇನ್ನೊಮ್ಮೆ ಓದಿಕೊಳ್ಳಿ.

ಕೊನೆಗೆ ಮೇಲಿನ ಕಚೇರಿಯಿಂದ ಪತ್ರ ಬಂತು. ಊರಿನಲ್ಲಿ ಯುವ ಸುರಕ್ಷಾ ತಂಡ ಕಟ್ಟಬೇಕು. ಅಗ್ನಿಶಾಮಕ ಠಾಣೆಯಿಂದ ತರಬೇತಿ ಮೇಡಂ ಬಂದು ನಾಲ್ಕು ವಾರ ಕಲಿಸಿ ಪರೀಕ್ಷೆ ಮಾಡುತ್ತಾರೆ. ಅರವತ್ತಕ್ಕೆ ಐವತ್ತು ಅಂಕ ಬಂದರೆ ಗೋಡೌನು ಯುವಕರಿಗೆ. ಬರದಿದ್ದರೆ ಕಟ್ಟಡ ಶಾಶ್ವತವಾಗಿ ಗ್ರಾಮ ಕಚೇರಿಗೆ. ಫಲಿತಾಂಶ ಅದೇ ದಿನ ಸಂಜೆ ಆರರೊಳಗೆ ತಲುಪಬೇಕು. ಒಂದೇ ಅವಕಾಶ.

ತಂಡಕ್ಕೆ ಪಂಪ್ ಮೆಕ್ಯಾನಿಕ್ಕಿನ ಮಗಳು ನಾಯಕಿಯಾದಳು. ಅವಳ ಗಂಟಲಿನ ಶಕ್ತಿಗೆ ಮೆಚ್ಚಿ ಊರು ಅವಳನ್ನು ಜನರೇಟರ್ ಎಂದು ಕರೆಯುತ್ತದೆ. ನಾಲ್ಕು ವಾರ ಅವಳು ಉಳಿದ ಹದಿಮೂರು ಜನರಿಗೆ ಬ್ಯಾಂಡೇಜು ಕಟ್ಟುವುದು, ಸ್ಟ್ರೆಚರ್ ಹೊರುವುದು, ಗಾಬರಿಯಾಗದಿರುವುದು ಇವನ್ನೆಲ್ಲ ಗಾಬರಿಯಾಗುವಂತೆ ಕೂಗಿ ಕೂಗಿ ಅಭ್ಯಾಸ ಮಾಡಿಸಿದಳು.

ಪರೀಕ್ಷೆಯ ಕ್ರಮ ಹೀಗೆ. ಊರಿನ ಆರು ಜನ ದೊಡ್ಡವರು ಗಾಯಾಳುಗಳಾಗಿ ಮೈದಾನದಲ್ಲಿ ಬಿದ್ದಿರಬೇಕು. ಕೊರಳಲ್ಲಿ ಒಂದು ಚೀಟಿ. ಅದರಲ್ಲಿ ಬರೆದ ಗಾಯವೇ ಅವರ ಗಾಯ. ನನ್ನ ಅಕ್ಷರ ಚೆಂದವೆಂದು ಮೇಡಂ ಆರೂ ಚೀಟಿ ಬರೆಯಲು ನನಗೆ ಕೊಟ್ಟರು. ಆರನೆಯ ಗಾಯಾಳು ನನ್ನ ಮಾವ. ಅವರ ಪಾಲಿಗೆ ಬಂದದ್ದು: ಮೊಣಕೈ ತರಚಿದೆ.

ಹಿಂದಿನ ದಿನ ಮಾವ ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ನಮ್ಮ ಮನೆಗೆ ಬಂದರು.

"ಅಳಿಯ, ಪೋಸ್ಟ್‌ಮ್ಯಾನ್‌ಗೆ ಏನು ಗಾಯ?"

"ಎರಡೂ ಕಾಲು ಮುರಿದಿದೆ ಮಾವ."

"ಹಾಲಿನ ಡೈರಿಯವನಿಗೆ?"

"ಹೊಗೆ ಕುಡಿದು ಪ್ರಜ್ಞೆ ತಪ್ಪಿದೆ."

ಮಾವನ ಮುಖ ಸಣ್ಣಗಾಯಿತು. "ಇಪ್ಪತ್ತು ವರ್ಷದಿಂದ ಈ ಊರಿನ ಸುರಕ್ಷತೆ ನೋಡ್ಕೊಂಡ್ ಬಂದಿರೋನು ನಾನು. ಪೋಸ್ಟ್‌ಮ್ಯಾನ್‌ಗೆ ಎರಡು ಕಾಲು, ನನಗೆ ಮೊಣಕೈ? ಅದೂ ಮುರಿದಿಲ್ಲ, ತರಚಿದೆ! ಅದಕ್ಕೆ ಬ್ಯಾಂಡೇಜಾದ್ರೂ ಹಾಕ್ತಾರಾ, ಇಲ್ಲಾ ಊದಿ ಕಳಿಸ್ತಾರಾ?"

"ಮೇಡಂ ಬರೆದಿದ್ದು ಮಾವ."

"ಬರೆಯೋನು ನೀನಲ್ವಾ? ನಿನ್ನ ಮಾವನಿಗೆ ಒಂದು ಘನವಾದ ಗಾಯ ಬರೀಲಾರೆಯಾ? ಒದ್ದಾಡೋದು ಬೇಡ, ರಕ್ತ ಬೇಡ, ಹೊಸ ಅಂಗಿ ಇದೆ. ಆದ್ರೆ ಜನ ನೋಡಿ ಅಯ್ಯೋ ಅನ್ನಬೇಕು."

ಇಂಥ ಬೇಡಿಕೆ ಇಟ್ಟರೆ ನನ್ನಂಥವನ ಕೈ ಸುಮ್ಮನಿರುತ್ತದೆಯೇ? ರಕ್ತವಿಲ್ಲದ, ಅಂಗಿ ಕೆಡದ, ಜನ ಅಯ್ಯೋ ಅನ್ನುವ ಗಾಯವೊಂದು ನನಗೆ ಹೊಳೆಯಿತು. ದುಂಡಗೆ ಬರೆದೆ: "ತಲೆಗೆ ಪೆಟ್ಟು. ನೆನಪು ಸಂಪೂರ್ಣ ಹೋಗಿದೆ. ತನ್ನ ಹೆಸರು, ಕಸುಬು, ಮನೆ ಗೊತ್ತಿಲ್ಲ. ಹೆಂಡತಿಯ ಗುರುತೂ ಇಲ್ಲ." ಮೇಡಂ ಓದಿ ಗದರಿಸುತ್ತಾರೆ, ಮಾವ ಪೆಚ್ಚಾಗುತ್ತಾರೆ, ನಾಲ್ಕು ಜನ ನಗುತ್ತಾರೆ, ಹಳೇ ಮೊಣಕೈ ವಾಪಸು ಬರುತ್ತದೆ. ನನ್ನ ಲೆಕ್ಕ ಇಷ್ಟೇ.

ಮರುದಿನ ಮೈದಾನದಲ್ಲಿ ಮೇಡಂ ಚೀಟಿ ಓದಿದರು. ಹುಬ್ಬು ಗಂಟಿಕ್ಕಿದರು. ನಾನು ನಗಲು ಸಿದ್ಧನಾದೆ.

"ಇದು ನನ್ನ ಪಟ್ಟೀಲಿ ಇರಲಿಲ್ಲ," ಎಂದರು. "ಆದ್ರೆ ಬಹಳ ಒಳ್ಳೇ ಕೇಸು. ಅಪಘಾತದಲ್ಲಿ ಹೀಗೂ ಆಗುತ್ತೆ. ಇರಲಿ. ಗುರುತು ಪತ್ತೆ ಮಾಡಿ, ಮನೆಯವರಿಗೆ ಒಪ್ಪಿಸಿ, ಅವರ ಸಹಿ ತಂದ್ರೆ ಹತ್ತು ಅಂಕ. ಸಹಿ ಇಲ್ಲದಿದ್ರೆ ಸೊನ್ನೆ. ನೀವು ತಂಡದವರು, ಇವರನ್ನ ಇವತ್ತು ಮೊದಲನೇ ಸಲ ನೋಡ್ತಿದೀರಿ ಅಂತ ತಿಳ್ಕೊಳ್ಳಿ. ಮತ್ತೆ ನೀವು, ಟೈಲರೇ, ನಾನು ಸೀಟಿ ಊದೋವರೆಗೂ ಪಾತ್ರ ಬಿಡಬಾರದು. ಒಂದು ಮಾತು ನೆನಪಾದ್ರೂ ಮಕ್ಕಳ ಅಂಕ ಹೋಗುತ್ತೆ."

ಮಾವ ಅಭಿಮಾನದಿಂದ ನನ್ನತ್ತ ನೋಡಿದರು. ಸಿದ್ಧವಾಗಿದ್ದ ನಗುವನ್ನು ನಾನು ಮಡಚಿಟ್ಟೆ.

ಮೂರೂವರೆಗೆ ಐದು ಗಾಯಾಳುಗಳ ಲೆಕ್ಕ ಮುಗಿದು ಬಂದದ್ದು ನಲವತ್ಮೂರು ಅಂಕ. ಪೋಸ್ಟ್‌ಮ್ಯಾನ್‌ನನ್ನು ಸ್ಟ್ರೆಚರಿನ ಮೇಲೆ ತಲೆಕೆಳಗಾಗಿ ಮಲಗಿಸಿದ್ದರಿಂದ ಏಳು ಹೋಗಿತ್ತು. ಐವತ್ತಕ್ಕೆ ಏಳು ಬೇಕು. ಉಳಿದವರು ಮಾವ ಒಬ್ಬರೇ. ಹತ್ತು, ಇಲ್ಲವೇ ಸೊನ್ನೆ. ಗೋಡೌನು ಈಗ ನನ್ನ ಅಕ್ಷರಕ್ಕೆ ನೇತುಬಿದ್ದಿತ್ತು.

ಜನರೇಟರ್ ಓಡಿಬಂದು ಮಾವನ ಪಕ್ಕ ಮಂಡಿಯೂರಿದಳು.

"ಗಾಬರಿ ಆಗಬೇಡಿ! ನಾವು ಸಹಾಯಕ್ಕೆ ಬಂದಿದೀವಿ! ನಿಮ್ಮ ಹೆಸರೇನು?"

"ಹೆಸರು ಅಂದ್ರೆ?"

"ನಿಮ್ಮನ್ನ ಏನಂತ ಕರೀತಾರೆ?"

"ಯಾರು?"

"ಎದ್ದು ಕೂತ್ಕೊಳ್ಳಿ."

"ಕೂತ್ಕೊಳ್ಳೋದು ಅಂದ್ರೆ ಹೇಗಮ್ಮ?"

ಚೀಟಿಯಲ್ಲಿ ನಾಲ್ಕು ವಿಷಯ ಮರೆತಿದೆಯೆಂದು ಬರೆದಿದ್ದರೆ ಮಾವ ನಲವತ್ತು ಮರೆತಿದ್ದರು. ಒಬ್ಬ ನೀರು ಕೊಟ್ಟರೆ ಲೋಟವನ್ನು ತಿರುಗಿಸಿ ನೋಡಿ, "ಇದನ್ನ ಎಲ್ಲಿಗೆ ಹಾಕ್ಕೋಬೇಕು?" ಎಂದು ಕೇಳಿದರು. ಹಿರಿಯ ಕಲಾವಿದರನ್ನು ತಡೆಯುವವರು ಯಾರು?

"ಪರಿಚಿತ ಸ್ಥಳಕ್ಕೆ ಕರೆದೊಯ್ಯಿರಿ," ಎಂದು ಸುರಕ್ಷತಾ ಕೈಪಿಡಿಯಲ್ಲಿತ್ತು. ಆದರೆ ಇವರನ್ನು ಮೊದಲನೇ ಸಲ ನೋಡುತ್ತಿರುವವರಿಗೆ ಪರಿಚಿತ ಸ್ಥಳ ಗೊತ್ತಾಗುವುದು ಹೇಗೆ? ಜನರೇಟರ್ ಮಾವನ ಕೊರಳಿನ ಟೇಪು ಎತ್ತಿ ತೋರಿಸಿದಳು. "ಅಳತೆ ಟೇಪು! ಬೆರಳಲ್ಲಿ ಸೂಜಿ ಚುಚ್ಚಿದ ಗುರುತು! ಇವರು ಟೈಲರ್ ಇರಬಹುದು! ಊರಲ್ಲಿ ಟೈಲರ್ ಅಂಗಡಿ ಎಷ್ಟಿದೆ?"

"ಒಂದೇ!" ಎಂದು ಹದಿಮೂರು ಜನ ಕೂಗಿದರು. ಮೇಡಂ ಮೆಚ್ಚಿ ಏನೋ ಬರೆದುಕೊಂಡರು.

ಅಂಗಡಿಯ ಮುಂದೆ ಹೆಡ್‌ಮೇಷ್ಟ್ರು ಕೊಡೆ ಊರಿಕೊಂಡು ನಿಂತಿದ್ದರು. ಮೂರು ತಿಂಗಳ ಹಿಂದೆ ಪ್ಯಾಂಟಿನ ಬಟ್ಟೆ ಕೊಟ್ಟವರು ಅವರು.

"ಬಂದ್ಯೇನಯ್ಯಾ! ಎಲ್ಲಿ ನನ್ನ ಪ್ಯಾಂಟು?"

"ಪ್ಯಾಂಟು? ಯಾವ ಪ್ಯಾಂಟು ಸ್ವಾಮಿ?"

"ಸರ್, ಇವರಿಗೆ ನೆನಪು ಹೋಗಿದೆ," ಎಂದಳು ಜನರೇಟರ್.

"ಏನೂ ಹೋಗಿಲ್ಲ!" ಹೆಡ್‌ಮೇಷ್ಟ್ರು ಕೊಡೆ ನೆಲಕ್ಕೆ ಕುಟ್ಟಿದರು. "ಮೂರು ತಿಂಗಳಿಂದ ಇದೇ ಮಾತು ಹೇಳ್ತಿದಾನೆ! ಯಾವ ಪ್ಯಾಂಟು, ಯಾವಾಗ ಕೊಟ್ರಿ, ನಾಳೆ ಬನ್ನಿ!"

"ನಾಳೆ ಅಂದ್ರೇನು ಸ್ವಾಮಿ?" ಎಂದರು ಮಾವ, ಮಗುವಿನಂತೆ.

ಹೆಡ್‌ಮೇಷ್ಟ್ರು ಒಳಗೆ ನುಗ್ಗಿ, ಮೇಜಿನಡಿಯ ಗಂಟು ಬಿಚ್ಚಿ, ತಮ್ಮ ಬಟ್ಟೆಯನ್ನು ಇದ್ದ ಹಾಗೆಯೇ ಎತ್ತಿಕೊಂಡು ಹೊರಟರು. ಹೋಗುವಾಗ ಮಾತ್ರ ಒಂದು ಉಪಕಾರ ಮಾಡಿದರು: "ಇವನ ಮನೆ ಹಿಂದಿನ ಬೀದೀಲಿ ಮೂರನೇದು. ಹೆಂಡತಿಗೆ ಹೇಳಿ, ಅವಳಾದ್ರೂ ನೆನಪು ಬರಿಸ್ತಾಳೆ."

ನಾನು ಮೆಲ್ಲಗೆ ಗುಂಪಿನ ಹಿಂದಕ್ಕೆ ಸರಿದೆ. ಅತ್ತೆಗೆ ಈ ಪರೀಕ್ಷೆಯ ಸುದ್ದಿಯೇ ಗೊತ್ತಿರಲಿಲ್ಲ. ಅವರು ಹಿಟ್ಟಿನ ಗಿರಣಿಯಿಂದ ಆಗಷ್ಟೇ ಬಂದು, ಜಗಲಿಯ ಮೇಲೆ ಡಬ್ಬ ಇಳಿಸುತ್ತಿದ್ದರು. ಎದುರಿಗೆ ಮೆರವಣಿಗೆ: ಮುಂದೆ ಗಂಡ, ಹಿಂದೆ ಹದಿನಾಲ್ಕು ಜನ, ಅವರ ಹಿಂದೆ ಸಮವಸ್ತ್ರದ ಮೇಡಂ.

"ಏನ್ರೀ ಇದು? ಏನಾಯ್ತು ನಿಮಗೆ?"

ಮಾವ ಎರಡೂ ಕೈ ಮುಗಿದರು. "ನಮಸ್ಕಾರ ತಾಯಿ. ತಾವು ಯಾರು?"

ಅತ್ತೆಯ ಕೈಯಿಂದ ಡಬ್ಬ ಬಿತ್ತು. ಜಗಲಿ ಬೆಳ್ಳಗಾಯಿತು. ಅತ್ತೆಯ ಅಳುವಿಗೆ ಎಡಮನೆಯವರು, ಬಲಮನೆಯವರು, ಎದುರುಮನೆಯವರು ಓಡಿಬಂದರು. ಎಡಮನೆಯಾಕೆ ತಣ್ಣೀರು ಹೊಯ್ಯಿರಿ ಎಂದರು. ಬಲಮನೆಯಾಕೆ ಬಿಸಿನೀರು ಎಂದರು. ಎದುರುಮನೆಯ ತಾತ, "ನನಗೂ ಹೀಗೇ ಆಗಿತ್ತು. ಆದ್ರೆ ಯಾವಾಗ ಅಂತ ನೆನಪಿಲ್ಲ," ಎಂದರು.

"ಗಾಬರಿ ಆಗಬೇಡಿ!" ಎಂದು ಜನರೇಟರ್ ಕೂಗಿದ್ದಕ್ಕೆ ಮತ್ತೆರಡು ಮನೆಯವರು ಗಾಬರಿಯಾಗಿ ಬಂದರು. "ಅತ್ತೆ, ಇದು ಪರೀಕ್ಷೆ! ಸುಳ್ಳು ಗಾಯ! ನೀವು ಇವರು ನಮ್ಮವರು ಅಂತ ಒಂದು ಸಹಿ ಹಾಕಿದ್ರೆ ಮುಗೀತು!"

ಅತ್ತೆ ಕಣ್ಣೊರೆಸಿಕೊಂಡು ಚೀಟಿ ಓದಿದರು. ಕೊನೆಯ ಸಾಲಿಗೆ ಬಂದಾಗ ಕಣ್ಣು ಒಣಗಿತು. ನಿಧಾನವಾಗಿ ತಲೆಯೆತ್ತಿ ಗುಂಪಿನಲ್ಲಿ ನನ್ನನ್ನು ಹುಡುಕಿದರು.

"ಈ ಅಕ್ಷರ ನಿಂದಲ್ವೇನೋ?"

"ಅತ್ತೆ, ಅದು… ತಮಾಷೆಗೆ…"

ನನ್ನ ಬಲಗಿವಿ ಅಂದಿನಿಂದ ಎಡಗಿವಿಗಿಂತ ಒಂದು ನೂಲು ಉದ್ದವಿದೆ. ಟೈಲರ್ ಟೇಪಿನಲ್ಲಿ ಅಳೆದೇ ಹೇಳುತ್ತಿದ್ದೇನೆ.

"ಇವನು ಬರೆದ, ಸರಿ," ಅತ್ತೆ ಮಾವನತ್ತ ತಿರುಗಿದರು. "ನೀವು ಅದನ್ನ ಕೊರಳಿಗೆ ಹಾಕ್ಕೊಂಡು ಊರೆಲ್ಲ ಸುತ್ತಿದ್ರಲ್ಲ! ಹೆಂಡತಿಯ ಗುರುತಿಲ್ಲ! ಎಡಮನೆಯವರು ನೋಡಿದ್ರು, ಬಲಮನೆಯವರು ನೋಡಿದ್ರು. ಹೇಳಿ, ನಾನು ಯಾರು?"

ಮಾವ ಮೇಡಂ ಕಡೆ ನೋಡಿದರು. ಸೀಟಿ ಮೇಡಂ ಕೈಯಲ್ಲಿತ್ತು, ತುಟಿಯ ಮೇಲಿರಲಿಲ್ಲ. ಹದಿನಾಲ್ಕು ಜೊತೆ ಕಣ್ಣುಗಳು ಮಾವನ ಬಾಯಿಗೆ ಅಂಟಿಕೊಂಡಿದ್ದವು.

"ಗೊತ್ತಿಲ್ಲ ತಾಯಿ," ಎಂದರು ಮಾವ, ಬಹಳ ಕಷ್ಟದಿಂದ.

"ಹೌದಾ? ಹಾಗಾದ್ರೆ ನನಗೂ ಗೊತ್ತಿಲ್ಲ. ಯಾರೋ ದಾರಿಹೋಕರು ಇರಬೇಕು. ಗುರುತಿಲ್ಲದ ಗಂಡಸನ್ನ ನನ್ನ ಗಂಡ ಅಂತ ಬರೆದುಕೊಡೋಕೆ ನನಗೇನು ಬುದ್ಧಿ ಕೆಟ್ಟಿದೆಯಾ?" ಎಂದು ಅತ್ತೆ ಪೊರಕೆ ತೆಗೆದುಕೊಂಡರು. ಹಿಟ್ಟು ಗುಡಿಸಲು ಎಂದು ನಾವು ಭಾವಿಸಿದೆವು. ಮಾವ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದರು. ನೆನಪು ಹೋದರೂ ಕೆಲವು ಸಂಗತಿಗಳು ಕಾಲಿಗೆ ಗೊತ್ತಿರುತ್ತವೆ.

ಜನರೇಟರ್ ಬೇಡಿಕೊಂಡಳು. ಎಡಮನೆ, ಬಲಮನೆಯವರು ಬೇಡಿಕೊಂಡರು. ಅತ್ತೆ ಹಿಟ್ಟು ಗುಡಿಸಿದರು. ಗಂಟೆ ಐದೂ ಕಾಲಾಯಿತು.

ಅಷ್ಟರಲ್ಲಿ ಕಾರ್ಯದರ್ಶಿಗಳು ಕೈಗಡಿಯಾರ ನೋಡುತ್ತಾ ಬಂದರು. ಅಷ್ಟು ಸಂತೋಷವಾಗಿ ಅವರು ಯಾವ ಸಾವಿನ ಮನೆಗೂ ಬಂದಿರಲಿಲ್ಲ.

"ಸಹಿ ಆಗಿಲ್ವಂತೆ? ಛೆ ಛೆ! ಪಾಪ ಮಕ್ಕಳು! ಬರ್ಕೊಳ್ಳಿ ಮೇಡಂ, ಗುರುತು ಸಿಗದ ವ್ಯಕ್ತಿ. ನಿಯಮದ ಪ್ರಕಾರ ಇಂಥವರು ಗ್ರಾಮ ಕಚೇರಿಯ ವಶಕ್ಕೆ. ನಾನೇ ವಶಕ್ಕೆ ತಗೋತೀನಿ. ಅಲ್ಲಿಗೆ ಪರೀಕ್ಷೆ ಮುಕ್ತಾಯ."

ನಿಯಮದ ಪುಸ್ತಕ ಮೇಡಂಗೂ ಬಾಯಿಪಾಠವಾಗಿತ್ತು. "ಆರು ಗಂಟೆವರೆಗೂ ಪರೀಕ್ಷೆ ಇದೆ. ವಶಕ್ಕೆ ತಗೊಂಡೋರು ಸುರಕ್ಷಿತ ಜಾಗ ತೋರಿಸಬೇಕು. ಎಲ್ಲಿ ಇಡ್ತೀರಿ?"

"ಕಚೇರೀಲಿ… ಅಲ್ಲಿ ಕಡತ ಇದೆ. ಜಾಗ ಇಲ್ಲ."

"ಗೋಡೌನಿದೆಯಲ್ಲ ಸರ್!" ಎಂದಳು ಜನರೇಟರ್.

"ಅಲ್ಲಿ ಸರ್ಕಾರಿ ಸಾಮಗ್ರಿ…"

"ತೆಗೀರಿ, ನೋಡೋಣ," ಎಂದರು ಮೇಡಂ.

ಇಡೀ ಬೀದಿ ಗೋಡೌನಿಗೆ ಹೊರಟಿತು, ದಾರಿಯಲ್ಲಿ ಪೋಸ್ಟ್‌ಮ್ಯಾನ್ ಕೂಡ ಸೇರಿಕೊಂಡರು. ಅತ್ತೆ, "ನನಗೇನು, ನೋಡೋಕೆ ಬರ್ತಿದೀನಿ ಅಷ್ಟೇ," ಎಂದು ಪೊರಕೆಯೊಂದಿಗೇ ಬಂದರು. ಒಂಬತ್ತು ವರ್ಷ ಮುಟ್ಟದ ಬೀಗ ಎಣ್ಣೆ ಹಾಕಿದಂತೆ ಸಲೀಸಾಗಿ ತೆರೆದುಕೊಂಡಿತು. ಒಳಗಿದ್ದ ಸರ್ಕಾರಿ ಸಾಮಗ್ರಿ: ಒಂದು ಸೋಫಾ, ಹಳೇ ಸ್ಕೂಟರ್, ಹೊಸ ಸ್ಕೂಟರ್, ಕಾರ್ಯದರ್ಶಿಗಳ ಮಗಳ ತೊಟ್ಟಿಲು. ಉಳಿದದ್ದೆಲ್ಲ ಖಾಲಿ, ವಿಶಾಲವಾದ ಸಿಮೆಂಟು ನೆಲ. ಹುಡುಗ ಹುಡುಗಿಯರು ಬಾಗಿಲಲ್ಲೇ ನಿಂತು ಆ ನೆಲವನ್ನು ನೋಡಿದರು. ಜನರೇಟರ್ ಚಪ್ಪಲಿ ಕಳಚಿ ಒಂದು ಕಾಲು ಒಳಗಿಟ್ಟು ನೋಡಿದಳು.

"ಸಾಮಗ್ರಿ ವಿಚಾರ ಆಮೇಲೆ ಮಾತಾಡೋಣ," ಎಂದು ಮೇಡಂ ಬರೆದುಕೊಂಡರು. ಕಾರ್ಯದರ್ಶಿಗಳು ಸಿಟ್ಟಿನಿಂದ ಕೆಂಪಾಗಿ ಮಾವನ ತೋಳು ಹಿಡಿದರು. "ಸರಿ! ವ್ಯಕ್ತಿ ಒಳಗೆ ಕೂರಲಿ! ಬೆಳಗ್ಗೆವರೆಗೂ ಬೀಗ ಹಾಕ್ತೀನಿ. ನಿಯಮ ಅಂದ್ರೆ ನಿಯಮ!"

ಮಾವ ಸೋಫಾದ ಅಂಚಿನಲ್ಲಿ ಕೂತರು. ಅಂಗಿ ಧೂಳಾಗಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಕಾರ್ಯದರ್ಶಿಗಳು ಬಾಗಿಲು ಎಳೆಯತೊಡಗಿದರು.

"ಅಯ್ಯೋ, ನಿಲ್ಲಿಸ್ರೀ!" ಎಂದರು ಅತ್ತೆ. "ಏಳು ಗಂಟೆಗೆ ಬಿ.ಪಿ. ಮಾತ್ರೆ ಕೊಡಬೇಕು."

"ಯಾರಿಗೆ?" ಎಂದರು ಮೇಡಂ.

"ಇವರಿಗೆ."

"ಇವರು ಯಾರು?"

"ನಮ್ಮವರು!" ಎಂದುಬಿಟ್ಟು ಅತ್ತೆ ನಾಲಿಗೆ ಕಚ್ಚಿಕೊಂಡರು.

ಆರಕ್ಕೆ ಹದಿನೈದು ನಿಮಿಷ. ಮೇಡಂ ಕೂಡಲೇ ಹಾಳೆ ತಿರುಗಿಸಿದರು. "ಬರೀ ಬಾಯಿಮಾತು ಸಾಲದು. ಮನೆಯವರಿಗೆ ಮಾತ್ರ ಗೊತ್ತಿರೋ ಮೂರು ಗುರುತು ಹೇಳಬೇಕು. ಊರಲ್ಲಿ ಬೇರೆ ಯಾರಿಗೂ ಗೊತ್ತಿರಬಾರದು."

ಅತ್ತೆ ಸೆರಗು ಸರಿಮಾಡಿಕೊಂಡರು. ಕಣ್ಣಲ್ಲಿ ಹೊಸ ಬೆಳಕು ಬಂತು. ಮಾವನ ಕಣ್ಣಲ್ಲಿದ್ದದ್ದು ಆರಿತು.

"ಒಂದು. ನಿದ್ದೇಲಿ ಅಳತೆ ಹೇಳ್ತಾರೆ. ಮೊನ್ನೆ, ಕಾರ್ಯದರ್ಶಿಗಳ ಸೊಂಟ ನಲವತ್ತೆರಡು, ಹೊಲಿಸ್ಕೊಳ್ಳೋದು ಮೂವತ್ತೆಂಟು ಅಂತ ನಗ್ತಾ ಇದ್ರು."

ಇಡೀ ಬೀದಿ ಕಾರ್ಯದರ್ಶಿಗಳ ಸೊಂಟ ನೋಡಿತು. ಅವರು ಉಸಿರು ಎಳೆದುಕೊಂಡರು.

"ಎರಡು. ಮನೇಲಿ ಬಲ್ಬು ಬದಲಾಯಿಸೋದು ನಾನು. ಇವರು ಕೆಳಗೆ ಸ್ಟೂಲು ಹಿಡ್ಕೊಂಡು ಜೋಕೆ ಜೋಕೆ ಅಂತಿರ್ತಾರೆ. ಕಣ್ಣು ಮುಚ್ಕೊಂಡು."

ನಗು ಶುರುವಾಯಿತು. ಮಾವ ಬಾಯಿ ತೆರೆದು ಮುಚ್ಚಿದರು. ನೆನಪಿಲ್ಲದವರು ಅಲ್ಲಗಳೆಯುವುದು ಹೇಗೆ?

"ಮೂರು. ಮದುವೆಯಾದ ಹೊಸದರಲ್ಲಿ ನನ್ನ ತವರಿಗೆ ಬಂದಿದ್ರು. ನನಗೆ ತೋರಿಸೋಕೆ ಅಂತ ಅಲ್ಲಿನ ನೀರಿನ ಟ್ಯಾಂಕಿನ ಏಣಿ ಹತ್ತಿ, ತುದೀಲಿ ನಿಂತು ಕರವಸ್ತ್ರ ಬೀಸಿದ್ರು. ಆಮೇಲೆ ಕೆಳಗೆ ನೋಡಿದ್ರು. ಇಳಿಯೋಕೆ ಆಗಲಿಲ್ಲ. ಮೂರು ಗಂಟೆ ಮೇಲೇ ಕೂತಿದ್ರು. ಕೊನೆಗೆ ನನ್ನ ತಂಗಿ ಹತ್ತಿ, ಕೈ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಎಣಿಸಿ ಇಳಿಸಿದ್ಲು. ಆಗ ಅವಳಿಗೆ ಹನ್ನೊಂದು ವರ್ಷ."

ಪೋಸ್ಟ್‌ಮ್ಯಾನ್ ಬಾಗಿಲಿಗೆ ಒರಗಿ ಕುಸಿದರು. ಈ ಬಾರಿ ಚೀಟಿ ಇಲ್ಲದೆ. ಬಲಮನೆಯಾಕೆ ಎಡಮನೆಯಾಕೆಯನ್ನು ಹಿಡಿದುಕೊಂಡರು. ಇಪ್ಪತ್ತು ವರ್ಷದ ಜೋಕೆ ಒಂದೇ ನಿಮಿಷದಲ್ಲಿ ಬಿಚ್ಚಿಬಿತ್ತು.

ಮೇಡಂ ಮಾತ್ರ ನಗಲಿಲ್ಲ. "ಕೊನೇ ಪ್ರಶ್ನೆ. ಈ ಗುರುತುಗಳನ್ನ ನೀವು ಒಪ್ತೀರಾ?"

ಒಂದೇ ಒಂದು "ಸುಳ್ಳು!" ಸಾಕಿತ್ತು, ಮಾವನ ಮಾನ ಉಳಿಯುತ್ತಿತ್ತು, ಅಂಕ ಹೋಗುತ್ತಿತ್ತು. ಮಾವನ ಬಾಯಿ ತೆರೆಯಿತು. ಜನರೇಟರ್ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಮಾವ ಖಾಲಿ ನೆಲವನ್ನು ನೋಡಿದರು, ಬಾಗಿಲಲ್ಲಿ ನಿಂತ ಹದಿನಾಲ್ಕು ಮುಖಗಳನ್ನು ನೋಡಿದರು.

"ನೆನಪಿಲ್ಲ ಮೇಡಂ," ಎಂದರು. "ಆದ್ರೆ ಈ ತಾಯಿ ಸುಳ್ಳು ಹೇಳೋರ ಥರ ಕಾಣಲ್ಲ."

ಅತ್ತೆ ಪೊರಕೆ ಕಂಕುಳಲ್ಲಿಟ್ಟುಕೊಂಡು ಸಹಿ ಹಾಕಿದರು. ಮೇಡಂ ಹತ್ತು ಅಂಕ ಬರೆದು, ಕೂಡಿಸಿ, ಕಾರ್ಯದರ್ಶಿಗಳ ಮುಂದೆ ಅಂಗೈ ಚಾಚಿದರು. ಬೀಗದ ಕೈ ನಲವತ್ತೆರಡು ಅಂಗುಲದಿಂದ ನಿಧಾನವಾಗಿ ಹೊರಬಂತು.

"ನನ್ನ ಸೋಫಾ?" ಎಂದರು ಅವರು ಕ್ಷೀಣವಾಗಿ.

"ಇರಲಿ ಸರ್," ಎಂದಳು ಜನರೇಟರ್. "ಗಾಯಾಳುಗಳನ್ನ ಮಲಗಿಸೋಕೆ ಬೇಕು."

ಆಗ ಮೇಡಂ ಸೀಟಿ ಊದಿದರು. ಎಲ್ಲರೂ ಮಾವನತ್ತ ತಿರುಗಿದೆವು. ನಾನು ಉಳಿದಿದ್ದ ಎಡಗಿವಿಯನ್ನು ಮುಚ್ಚಿಕೊಂಡೆ. ಮಾವ ಎದ್ದು ನಿಂತು, ಚೀಟಿ ಕೊರಳಿಂದ ತೆಗೆದು, ಇನ್ನೊಮ್ಮೆ ಪೂರ್ತಿ ಓದಿದರು. ಅತ್ತೆಯ ಮುಖ ನೋಡಿದರು. ಮಾವನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಹೆಗಲು.

"ಮೂರು ಗಂಟೆ ಅಲ್ಲ ಕಣೇ!" ಎಂದರು, ಉಸಿರು ಸಿಗದೆ. "ನಾಲ್ಕು! ಊಟಕ್ಕೆ ಬುತ್ತಿ ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಕಳಿಸಿದ್ರು ನಿಮ್ಮಪ್ಪ!"

ಇಷ್ಟು ಹೇಳಿ ಅವರು ನಗಲು ಶುರುಮಾಡಿದರು. ತಗಡಿನ ಸೂರಿನ ಕೆಳಗೆ ಊರಿನ ನಗುವೆಲ್ಲ ಸೇರಿದರೂ ಅದರ ಮೇಲೆ ಆ ಒಂದು ನಗು ಬೇರೆಯಾಗಿ ಕೇಳುತ್ತಿತ್ತು.